ಚರ್ಚಿಲ್ ಸ್ಟ್ಯಾಂಡ್‌ನ ಚರ್ಚಿಲ್ ಯಾರು?

ಸಿಡ್ನಿ ಕ್ರಿಕೆಟ್ ಮೈದಾನ ನಮ್ಮವರಿಗೆ ಹೊಸದೇನಲ್ಲ. 2004ರ ಜನವರಿಯಲ್ಲಿ, ಸ್ಟೀವ್ ವಾ ಆಡಿದ ಕೊನೆಯ ಟೆಸ್ಟಿನಲ್ಲಿ, ಅನಿಲ್ ಕುಂಬ್ಳೆ ಒಂದೇ ಇನಿಂಗ್ಸಿನಲ್ಲಿ 8 ವಿಕೆಟ್ ಕಿತ್ತದ್ದು ಅಲ್ಲೇ. 2015ರ ಜನವರಿಯಲ್ಲಿ ಕೆ.ಎಲ್. ರಾಹುಲ್ ಮೊದಲ ಟೆಸ್ಟ್ ಶತಕ ಬಾರಿಸಿದ್ದೂ ಅಲ್ಲೇ. ಕೋಳಿ ಕೂಗುವ ಮುಂಚೆ ಎದ್ದು ಟಿವಿ ಹಾಕಿಕೊಂಡು ಕೂತವರ ಕಿವಿಗೆ ಆ ಮೈದಾನದ ಸ್ಟ್ಯಾಂಡುಗಳ ಹೆಸರೂ ಬಿದ್ದಿರುತ್ತದೆ: ಬ್ರಾಡ್ಮನ್, ನೋಬಲ್, ಓರೈಲಿ, ಟ್ರಂಪರ್. ಎಲ್ಲರೂ ಕ್ರಿಕೆಟಿಗರೇ. ಅವರ ಸಾಲಿನಲ್ಲೇ ಒಂದು ಚರ್ಚಿಲ್ ಸ್ಟ್ಯಾಂಡ್ ಇದೆ. ಬ್ರಿಟನ್ನಿನ ಚುಟ್ಟಾ ಸೇದುವ ಪ್ರಧಾನಿಗೂ ಸಿಡ್ನಿಯ ಆಟದ ಬಯಲಿಗೂ ಏನು ಸಂಬಂಧ ಅಂತ ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಈ ಚರ್ಚಿಲ್ ಬೇರೆ. ಹೆಸರು ಕ್ಲೈವ್, ಆಟ ರಗ್ಬಿ ಲೀಗ್, ಜಾಗ ಫುಲ್‌ಬ್ಯಾಕ್, ಕ್ಲಬ್ ಸೌತ್ ಸಿಡ್ನಿ. 1987ರವರೆಗೂ ಲೀಗಿನ ಫೈನಲ್ ನಡೆಯುತ್ತಿದ್ದದ್ದು ಈ ಕ್ರಿಕೆಟ್ ಮೈದಾನದಲ್ಲೇ. ಹಾಗಾಗಿ ಅವರ ಹೆಸರು ಅಲ್ಲಿರುವುದು ನ್ಯಾಯವೇ. ಅವರ ಅಡ್ಡಹೆಸರು ‘ಲಿಟಲ್ ಮಾಸ್ಟರ್’. ಹಾಗೆಂದರೆ ನಮಗೆ ಗಾವಸ್ಕರ್. ದಕ್ಷಿಣ ಸಿಡ್ನಿಯ ಹಳಬರಿಗೆ ಚರ್ಚಿಲ್ ಒಬ್ಬರೇ.

ಅವರು ತೀರಿಕೊಂಡದ್ದು 1985ರಲ್ಲಿ, 58ನೇ ವಯಸ್ಸಿಗೆ. ಅವರ ಆಟವನ್ನು ಕಣ್ಣಾರೆ ಕಂಡವರು ಈಗ ಮುದುಕರಾಗಿದ್ದಾರೆ. ಆದರೂ ಸೌತ್ ಸಿಡ್ನಿ ಅಭಿಮಾನಿಗಳ ನಡುವೆ ಆ ಹೆಸರು ಬಂದರೆ ಮಾತು ಎರಡು ಕಡೆ ಹರಿಯುತ್ತದೆ. ಒಂದು, ಮುರಿದ ಕೈಯಲ್ಲಿ ಆಡಿ ಗೆಲ್ಲಿಸಿದ ಪಂದ್ಯ. ಇನ್ನೊಂದು, ‘ಆಗಿನವರಿಗೆ ಕ್ಲಬ್ಬಿನ ಮೇಲೆ ನಿಯತ್ತಿತ್ತು, ಈಗಿನವರು ದುಡ್ಡು ತೋರಿಸಿದ ಕಡೆ ಓಡುತ್ತಾರೆ’ ಅನ್ನುವ ನಿಟ್ಟುಸಿರು. ಮೊದಲನೆಯದು ನಿಜ, ಅದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎರಡನೆಯದರ ಬಗ್ಗೆ ನನ್ನ ತಕರಾರಿದೆ.

ಮೊದಲು ಆಟದ ಹುಟ್ಟಿನ ಕಥೆ ಹೇಳಿಬಿಡುತ್ತೇನೆ, ಯಾಕೆಂದರೆ ತಕರಾರಿನ ಬೇರು ಅಲ್ಲಿದೆ. ರಗ್ಬಿ ಎರಡು ಬಗೆ: ಯೂನಿಯನ್ ಮತ್ತು ಲೀಗ್. ಇವು ಬೇರೆಯಾದದ್ದು ಕೂಲಿಯ ಜಗಳಕ್ಕೆ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಊರುಗಳಲ್ಲಿ ಆಡುತ್ತಿದ್ದವರು ಕೂಲಿಕಾರರು. ಶನಿವಾರ ಪಂದ್ಯಕ್ಕೆ ಹೋದರೆ ಆ ದಿನದ ಸಂಬಳ ಖೋತಾ. ಅದನ್ನು ತುಂಬಿಕೊಡಿ ಎಂದು ಕ್ಲಬ್‌ಗಳು ಕೇಳಿದವು. ಆಟಕ್ಕೆ ದುಡ್ಡು ಮುಟ್ಟುವುದು ಹೊಲಸು ಎಂದು ನಂಬಿದ್ದ, ಹೊಟ್ಟೆ ತುಂಬಿದ ಮನೆಗಳಿಂದ ಬಂದ ಲಂಡನ್ನಿನ ಹಿರಿಯರು ಒಪ್ಪಲಿಲ್ಲ. 1895ರ ಆಗಸ್ಟಿನಲ್ಲಿ ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್‌ಗಳು ಕಡ್ಡಿ ಮುರಿದಂತೆ ಹೇಳಿ ಹೊರಬಂದವು. ಅವರು ಕಟ್ಟಿದ ಆಟವೇ ಮುಂದೆ ರಗ್ಬಿ ಲೀಗ್ ಆಯಿತು.

ಸಿಡ್ನಿಯಲ್ಲೂ ನಡೆದದ್ದು ಹೆಚ್ಚು ಕಡಿಮೆ ಇದೇ. 1907ರಲ್ಲಿ ಅಲೆಕ್ಸ್ ಬರ್ಡನ್ ಎಂಬ ಕ್ಷೌರಿಕ ಆಟದಲ್ಲಿ ಪೆಟ್ಟು ತಿಂದು ಕೆಲಸ ಮಾಡಲಾಗದೆ ಕೂತರು. ರಗ್ಬಿ ಯೂನಿಯನ್ ಸಂಸ್ಥೆ ಬಿಡಿಗಾಸು ಕೊಡಲಿಲ್ಲ. ಈ ಸಿಟ್ಟು ಕುದಿದದ್ದು ಬೇರೆಲ್ಲೂ ಅಲ್ಲ, ವಿಕ್ಟರ್ ಟ್ರಂಪರ್ ಅವರ ಕ್ರೀಡಾ ಸಾಮಾನಿನ ಅಂಗಡಿಯಲ್ಲಿ. ಹೌದು, ಅದೇ ಟ್ರಂಪರ್, ಆ ಕಾಲದ ಅತಿ ಸೊಗಸಿನ ಬ್ಯಾಟ್ಸ್‌ಮನ್. ಹೊಸ ಲೀಗಿನ ಮೊದಲ ಖಜಾಂಚಿಯೂ ಅವರೇ ಆದರು. ಮರುವರ್ಷ, 1908ರ ಜನವರಿ 17ರಂದು, ರೆಡ್‌ಫರ್ನ್ ಟೌನ್ ಹಾಲಿನಲ್ಲಿ ಸೌತ್ ಸಿಡ್ನಿ ಕ್ಲಬ್ ಹುಟ್ಟಿತು. ಹುಟ್ಟಿದ ವರ್ಷವೇ ಪ್ರಶಸ್ತಿ ಗೆದ್ದಿತು. ರೈಲ್ವೆ ವರ್ಕ್‌ಶಾಪು, ಕಾರ್ಖಾನೆಗಳು, ಗೋಡೆಗೆ ಗೋಡೆ ಅಂಟಿಕೊಂಡ ಸಣ್ಣ ಮನೆಗಳು ತುಂಬಿದ್ದ ಬಡಾವಣೆ ಅದು. ಕ್ಲಬ್ಬಿಗೆ ‘ರ್‍ಯಾಬಿಟೋಸ್’ ಎಂಬ ಹೆಸರು ಅಂಟಿದ್ದು ಬೀದಿಯಲ್ಲಿ ಮೊಲದ ಮಾಂಸ ಕೂಗಿ ಮಾರುವವರಿಂದ. ಬಣ್ಣ ಕೆಂಪು ಮತ್ತು ಹಸಿರು. ಈವರೆಗೆ ಗೆದ್ದ ಪ್ರಶಸ್ತಿ 21. ಆ ಲೀಗಿನಲ್ಲಿ ಬೇರೆ ಯಾವ ಕ್ಲಬ್ಬಿಗೂ ಅಷ್ಟಿಲ್ಲ.

ಅಂದರೆ ಈ ಆಟದ ಮೂಲದಲ್ಲೇ ದುಡಿದವನಿಗೆ ದುಡ್ಡು ಕೊಡಿ ಎಂಬ ಕೂಗಿದೆ. ಅಂಥ ಆಟದ ಅಭಿಮಾನಿಗಳು ಆಟಗಾರ ದುಡ್ಡು ಕೇಳಿದಾಗ ಮುಖ ಸಿಂಡರಿಸುವುದು ತಮಾಷೆಯೇ ಸರಿ.

ಇನ್ನು ಫುಲ್‌ಬ್ಯಾಕ್. ತಂಡಕ್ಕೆ 13 ಜನ. ಚೆಂಡು ಹಿಡಿದು ನುಗ್ಗಿದವನನ್ನು ಎದುರಾಳಿಗಳು ಕೆಡವುತ್ತಾರೆ, ಅವನು ಎದ್ದು ಕಾಲಿನಿಂದ ಚೆಂಡನ್ನು ಹಿಂದಕ್ಕೆ ಉರುಳಿಸುತ್ತಾನೆ, ಹಿಂದಿನವನು ಎತ್ತಿಕೊಂಡು ಮತ್ತೆ ನುಗ್ಗುತ್ತಾನೆ. ಈಗ ಹೀಗೆ ಆರು ಸಲ ಅವಕಾಶ. ಚರ್ಚಿಲ್ ಕಾಲದಲ್ಲಿ ಲೆಕ್ಕವೇ ಇರಲಿಲ್ಲ, ಕೈ ತಪ್ಪುವವರೆಗೂ ಚೆಂಡು ನಿಮ್ಮದೇ. ಹನ್ನೆರಡು ಜನ ಮುಂದೆ ಸಾಲುಗಟ್ಟಿ ನಿಂತಿರುವಾಗ 1ನೇ ನಂಬರಿನ ಜರ್ಸಿ ತೊಟ್ಟವನು ಹಿಂದೆ ಒಬ್ಬನೇ. ಸಾಲು ಸೀಳಿಕೊಂಡು ಯಾರಾದರೂ ಬಂದರೆ ಅವನನ್ನು ತಡೆಯಬೇಕಾದದ್ದು ಇವನೇ. ಎದುರಾಳಿ ಆಕಾಶಕ್ಕೆ ಒದ್ದ ಚೆಂಡನ್ನು, ಮೂರು ಜನ ಮೈಮೇಲೆ ಬೀಳಲು ಓಡಿ ಬರುತ್ತಿರುವುದು ಗೊತ್ತಿದ್ದೂ, ಕತ್ತು ಮೇಲೆತ್ತಿ ಹಿಡಿಯಬೇಕಾದದ್ದೂ ಇವನೇ. ಗುಂಪಿನ ನಡುವೆ ಮುಂದಾಳು ಮಾಡಿದ ತಪ್ಪು ಮಣ್ಣಿನಲ್ಲಿ ಮುಚ್ಚಿಹೋಗುತ್ತದೆ. ಫುಲ್‌ಬ್ಯಾಕ್ ಕೈಯಿಂದ ಚೆಂಡು ಜಾರಿದರೆ ಮೈದಾನದ ಕೊನೆಯ ಬೆಂಚಿನ ಹುಡುಗನಿಗೂ ಕಾಣುತ್ತದೆ. ಅಭಿಮಾನಿಗಳ ನೆನಪಿನಲ್ಲಿ ಫುಲ್‌ಬ್ಯಾಕುಗಳು ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಇದೇ ಮುಖ್ಯ ಕಾರಣ ಅಂತ ನನಗನ್ನಿಸುತ್ತದೆ. ಅವರ ಒಳ್ಳೆಯದೂ ಕೆಟ್ಟದ್ದೂ ಬಯಲಲ್ಲೇ ನಡೆಯುತ್ತದೆ.

ಚರ್ಚಿಲ್‌ಗಿಂತ ಮುಂಚೆ ಫುಲ್‌ಬ್ಯಾಕ್ ಅಂದರೆ ಕಾವಲುಗಾರ. ಚೆಂಡು ಹಿಡಿ, ದೂರಕ್ಕೆ ಒದೆ, ನುಗ್ಗಿದವನನ್ನು ಕೆಡವು, ಅಷ್ಟೇ. ನ್ಯೂಕಾಸಲ್ ಎಂಬ ಕಲ್ಲಿದ್ದಲು ಊರಿನಿಂದ 1947ರಲ್ಲಿ ಸೌತ್ ಸಿಡ್ನಿಗೆ ಬಂದ ಈ ಹುಡುಗ, ಹಿಡಿದ ಚೆಂಡನ್ನು ಒದೆಯುವ ಬದಲು ಎದೆಗೆ ಅವಚಿಕೊಂಡು ಓಡತೊಡಗಿದರು. ದೊಡ್ಡ ಮೈಕಟ್ಟೇನಲ್ಲ. ಆದರೆ ಹೆಜ್ಜೆ ಎತ್ತ ಬೀಳುತ್ತದೆ ಎಂದು ಎದುರಿನವನಿಗೆ ಕೊನೆಯವರೆಗೂ ತಿಳಿಯುತ್ತಿರಲಿಲ್ಲ. ಹಿಂದಿನ ಕಾವಲುಗಾರ ಮುಂದಿನ ದಾಳಿಗೆ ಸೇರಿಕೊಂಡರೆ ದಾಳಿಯಲ್ಲಿ ಒಬ್ಬ ಹೆಚ್ಚಾಗುತ್ತಾನೆ, ಎದುರಾಳಿಯ ಲೆಕ್ಕ ತಪ್ಪುತ್ತದೆ. ಇವತ್ತು ಪ್ರತಿ ಫುಲ್‌ಬ್ಯಾಕೂ ಮಾಡುವುದು ಇದನ್ನೇ. 1950ರಲ್ಲಿ ಅವರ ನಾಯಕತ್ವದಲ್ಲಿ ಆಸ್ಟ್ರೇಲಿಯ, ಮೂರು ದಶಕದ ನಂತರ, ಬ್ರಿಟನ್ನಿನಿಂದ ಲೀಗಿನ ಆ್ಯಶಸ್ ಕಿತ್ತುಕೊಂಡಿತು. ಸಿಡ್ನಿ ಕ್ರಿಕೆಟ್ ಮೈದಾನ ಕೆಸರುಗದ್ದೆಯಾಗಿದ್ದ ಆ ಮೂರನೇ ಟೆಸ್ಟಿನ ಫಲಿತಾಂಶ 5–2; ಇಡೀ ಪಂದ್ಯಕ್ಕೆ ಒಂದೇ ಟ್ರೈ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿದ್ದು ಒಂದೇ ಸಲ.

ಈಗ 1955ಕ್ಕೆ ಬರೋಣ. ಆ ವರ್ಷ ಸೌತ್ ಸಿಡ್ನಿ ಅರ್ಧ ಋತುವಿನ ಹೊತ್ತಿಗೆ ಪಟ್ಟಿಯ ತಳದಲ್ಲಿ ತಡಕಾಡುತ್ತಿತ್ತು. ಇನ್ನು ಒಂದು ಪಂದ್ಯ ಸೋತರೂ ಮನೆಗೆ ಹೋಗುವ ಸ್ಥಿತಿ. ಗೆಲ್ಲುತ್ತಾ ಗೆಲ್ಲುತ್ತಾ ಬಂದು, ರೆಡ್‌ಫರ್ನ್ ಓವಲ್‌ನಲ್ಲಿ ಮ್ಯಾನ್ಲಿ ತಂಡದ ಎದುರು ನಿಂತಿತು. ಪಂದ್ಯ ಶುರುವಾಗಿ ಇನ್ನೂ ಬಿಸಿ ಏರಿರಲಿಲ್ಲ, ಒಬ್ಬನನ್ನು ಕೆಡವಲು ಹೋದ ಚರ್ಚಿಲ್‌ರ ಕೈಮೂಳೆ ಮುರಿಯಿತು. ಆ ಕಾಲದಲ್ಲಿ ಬದಲಿ ಆಟಗಾರನನ್ನು ಇಳಿಸುವ ಹಾಗಿರಲಿಲ್ಲ. ಹೊರಗೆ ಹೋದರೆ ತಂಡ ಹನ್ನೆರಡೇ ಜನರಲ್ಲಿ ಆಡಬೇಕು. ಚರ್ಚಿಲ್ ಹೊರಗೆ ಹೋಗಲಿಲ್ಲ. ವಿರಾಮದಲ್ಲಿ ನೋಟ್‌ಬುಕ್ಕಿನ ರಟ್ಟನ್ನು ಕೈಗೆ ಆಸರೆಯಾಗಿಟ್ಟು ಪಟ್ಟಿ ಸುತ್ತಿದರು. ಮತ್ತೆ ಇಳಿದರು, ಅದೂ ಫುಲ್‌ಬ್ಯಾಕ್ ಆಗಿ. ಕೊನೆಯ ನಿಮಿಷಗಳವರೆಗೂ ಮ್ಯಾನ್ಲಿ 7–4ರಿಂದ ಮುಂದಿತ್ತು. ಆಗ ಲೆಸ್ ಕೌವಿ ಟ್ರೈ ಹೊಡೆದರು. ಟ್ರೈಗೆ ಆಗ 3 ಅಂಕ, 7–7. ಟ್ರೈ ಆದ ಮೇಲೆ ಗೋಲಿಗೆ ಒದೆಯುವ ಹಕ್ಕಿದೆ, ಅದಕ್ಕೆ 2 ಅಂಕ. ಆದರೆ ಟ್ರೈ ಎಲ್ಲಿ ಬಿತ್ತೋ ಅದರ ನೇರಕ್ಕೇ ನಿಂತು ಒದೆಯಬೇಕು, ಮತ್ತು ಇದು ಬಿದ್ದದ್ದು ಮೂಲೆಯ ಕಡೆ. ಪಕ್ಕದ ಗೆರೆಯ ಬಳಿಯಿಂದ, ಕಂಬಗಳ ನಡುವಿನ ಸಂದು ಕಾಣದಷ್ಟು ಓರೆಯಿಂದ, ಕೈ ಜೋತುಬಿದ್ದ ಆಟಗಾರ ಒದ್ದ ಚೆಂಡು ನೇರ ಒಳಗೆ ಹೋಯಿತು. 9–7.

ಆಮೇಲೆ ಸೌತ್ ಸಿಡ್ನಿ ಸೋಲಲೇ ಇಲ್ಲ. ಒಟ್ಟು ಸತತ 11 ಪಂದ್ಯ ಗೆದ್ದು, ಫೈನಲ್‌ನಲ್ಲಿ ನ್ಯೂಟೌನ್ ತಂಡವನ್ನು 12–11ರಿಂದ ಸೋಲಿಸಿ ಪ್ರಶಸ್ತಿ ಎತ್ತಿತು. ಫೈನಲ್‌ನಲ್ಲಿ ಚರ್ಚಿಲ್ ಇರಲಿಲ್ಲ, ಮುರಿದ ಕೈ ಇನ್ನೂ ಕೂಡಿರಲಿಲ್ಲ. ಆದರೆ ಆ ವರ್ಷ ಅಂದರೆ ಅಭಿಮಾನಿಗಳ ಬಾಯಲ್ಲಿ ಮೊದಲು ಬರುವುದು ಫೈನಲ್ ಅಲ್ಲ, ಆ ರಟ್ಟು.

ಸರಿ, ಈಗ ನಿಯತ್ತಿನ ಮಾತು. 1950ರ ಆಸುಪಾಸಿನಲ್ಲಿ ಇಂಗ್ಲೆಂಡಿನ ವರ್ಕಿಂಗ್ಟನ್ ಟೌನ್ ಕ್ಲಬ್ ಚರ್ಚಿಲ್‌ಗೆ ಆ ಕಾಲಕ್ಕೆ ಕಣ್ಣು ಕುಕ್ಕುವ ಮೊತ್ತ ಕೊಡಲು ಮುಂದಾಯಿತು. ಅವರು ಒಪ್ಪಿದರು. ಹೌದು, ಒಪ್ಪಿದರು. ಹೋಗಲಾಗದೆ ಉಳಿದದ್ದು ಎರಡು ದೇಶಗಳ ಸಂಸ್ಥೆಗಳು ಪರಸ್ಪರ ಆಟಗಾರರನ್ನು ಸೆಳೆಯಬಾರದು ಎಂದು ಹಾಕಿಕೊಂಡಿದ್ದ ನಿಷೇಧದಿಂದ. ಸಿಡ್ನಿಯ ಒಳಗೂ ಕೈಕಾಲು ಬಿಗಿದೇ ಇತ್ತು: 1959ರವರೆಗೆ, ಸಾಮಾನ್ಯವಾಗಿ ಮನೆ ಇರುವ ಬಡಾವಣೆಯ ಕ್ಲಬ್ಬಿಗೇ ಆಡಬೇಕೆಂಬ ನಿಯಮ. ಪಕ್ಕದ ಕ್ಲಬ್ ಎಷ್ಟು ಕೊಟ್ಟರೂ ಮನೆ ಬದಲಿಸದೆ ಹೋಗುವಂತಿಲ್ಲ. ನಾವು ಹಳೆಯ ಕಾಲದ ನಿಯತ್ತು ಎಂದು ಕೊಂಡಾಡುವುದರಲ್ಲಿ ಎಷ್ಟು ಪಾಲು ಪ್ರೀತಿ, ಎಷ್ಟು ಪಾಲು ಕಾಯಿದೆ ಎಂದು ಬೇರ್ಪಡಿಸುವುದು ಕಷ್ಟ.

ಹಾಗೆಂದು ಚರ್ಚಿಲ್‌ಗೆ ಕ್ಲಬ್ಬಿನ ಮೇಲೆ ಪ್ರೀತಿ ಇರಲಿಲ್ಲ ಅನ್ನುವ ಮಾತಲ್ಲ. ರಟ್ಟು ಕಟ್ಟಿಕೊಂಡು ಇಳಿಯಲು ಯಾವ ಕಾಯಿದೆಯೂ ಹೇಳಿರಲಿಲ್ಲ. ಆದರೆ 1958ರ ನಂತರ ಅವರು ಬ್ರಿಸ್ಬೇನಿಗೆ ಹೋದರು, ಅಲ್ಲಿಯ ನಾರ್ತ್ಸ್ ತಂಡಕ್ಕೆ ಆಡುತ್ತಲೇ ತರಬೇತಿ ಕೊಟ್ಟು 1959ರ ಪ್ರಶಸ್ತಿ ಗೆಲ್ಲಿಸಿದರು, ಮುಂದೆ ಸಿಡ್ನಿಯದೇ ಎದುರಾಳಿ ಕ್ಯಾಂಟರ್ಬರಿಗೂ ತರಬೇತುದಾರರಾದರು. ಸೌತ್ ಸಿಡ್ನಿಗೆ ತಿರುಗಿ ಬಂದದ್ದು 1967ರಲ್ಲಿ. ಬಂದವರು ನಾಲ್ಕು ಪ್ರಶಸ್ತಿ ಕೊಡಿಸಿದರು: 1967, 1968, 1970, 1971. ನಿಯತ್ತು ಅಂದರೆ ಒಂದೇ ಕಡೆ ಬೇರೂರಿ ಕೂರುವುದು ಎಂದಾದರೆ ಈ ಮಹಾನುಭಾವರೂ ಫೇಲು.

ಇಂಗ್ಲೆಂಡಿನ ಉದಾಹರಣೆ ಇನ್ನೂ ಖಾರವಾಗಿದೆ. ಕಾರ್ಡಿಫ್‌ನಿಂದ ಹದಿನೇಳರ ಹರೆಯದಲ್ಲಿ ವಿಗನ್‌ಗೆ ಬಂದ ಜಿಮ್ ಸಲಿವನ್ ಎಂಬ ಫುಲ್‌ಬ್ಯಾಕ್ 1921ರಿಂದ 1946ರವರೆಗೆ, ಕಾಲು ಶತಮಾನ, ಆ ಕ್ಲಬ್ಬಿನ ಜರ್ಸಿ ತೊಟ್ಟರು. 1925ರಲ್ಲಿ ಒಂದೇ ಪಂದ್ಯದಲ್ಲಿ 22 ಗೋಲು ಹೊಡೆದರು. ಅದೇ ಸಲಿವನ್ 1952ರಲ್ಲಿ ಹೋಗಿ ಸೇರಿದ್ದು ವಿಗನ್‌ನವರು ಹೆಸರೆತ್ತಿದರೆ ಹಲ್ಲು ಕಡಿಯುವ ನೆರೆಯೂರು ಸೇಂಟ್ ಹೆಲೆನ್ಸ್‌ಗೆ. ಅಲ್ಲಿ ತರಬೇತುದಾರರಾಗಿ 1956ರಲ್ಲಿ ಆ ಊರಿಗೆ ಮೊಟ್ಟಮೊದಲ ಚಾಲೆಂಜ್ ಕಪ್ ತಂದುಕೊಟ್ಟರು. ಹಾಗೆಂದು ವಿಗನ್‌ನಲ್ಲಿ ಅವರ ಹೆಸರು ಅಳಿಸಿಹೋಗಲಿಲ್ಲ. ಅಭಿಮಾನಿಯ ಲೆಕ್ಕದ ಪುಸ್ತಕದಲ್ಲಿ ಕೆಲವು ಸಾಲುಗಳನ್ನು ಬೇಕೆಂದೇ ಬರೆದುಕೊಳ್ಳುವುದಿಲ್ಲ.

ಕಾಯಿದೆಯ ಬಿಗಿ ಸಡಿಲಿಸಿದ್ದು ಡೆನಿಸ್ ಟಟ್ಟಿ ಎಂಬ ಬಾಲ್ಮೇನ್ ಆಟಗಾರ. ಒಪ್ಪಂದ ಮುಗಿದರೂ ಕ್ಲಬ್ ಬಿಡದಿದ್ದರೆ ಆಟಗಾರ ಬೇರೆ ಕಡೆ ಆಡುವಂತಿಲ್ಲ ಎಂಬ ಪದ್ಧತಿ ಆಗ ಇತ್ತು. ಟಟ್ಟಿ 1969ರ ಇಡೀ ಋತು ಆಡದೆ ಮನೆಯಲ್ಲಿ ಕೂತು ಕೋರ್ಟಿಗೆ ಹೋದರು. 1971ರಲ್ಲಿ ಆಸ್ಟ್ರೇಲಿಯದ ಹೈಕೋರ್ಟು, ಅಲ್ಲಿ ಅದೇ ಅತ್ಯುನ್ನತ ಕೋರ್ಟು, ಇದು ಹೊಟ್ಟೆಪಾಡಿಗೆ ಹಾಕಿದ ಬೇಡಿ ಎಂಬ ಅರ್ಥದ ತೀರ್ಪು ಕೊಟ್ಟಿತು. ಆಟಗಾರರಿಗೆ ಬಾಗಿಲು ತೆರೆಯಿತು. ಬಾಗಿಲು ತೆರೆದಾಗ ಮೊದಲು ಖಾಲಿಯಾದ ಮನೆಗಳಲ್ಲಿ ಸೌತ್ ಸಿಡ್ನಿಯೂ ಒಂದು. ಕ್ಲಬ್ಬಿನ ಕೈಯಲ್ಲಿ ಕಾಸಿರಲಿಲ್ಲ. ಚರ್ಚಿಲ್ ಕಟ್ಟಿದ್ದ ತಂಡದಿಂದ ರಾನ್ ಕೂಟ್ ಈಸ್ಟರ್ನ್ ಸಬರ್ಬ್ಸ್‌ಗೆ ಹೋದರು. ಜಾನ್ ಓನೀಲ್, ರೇ ಬ್ರಾನಿಗನ್ ಮ್ಯಾನ್ಲಿಗೆ. ಒಡೆದ ದವಡೆಯಲ್ಲೇ 1970ರ ಫೈನಲ್ ಆಡಿ ಮುಗಿಸಿದ ನಾಯಕ ಜಾನ್ ಸ್ಯಾಟ್ಲರ್ ಕ್ವೀನ್ಸ್‌ಲ್ಯಾಂಡಿಗೆ. ಉಳಿದವರಲ್ಲಿ ಫುಲ್‌ಬ್ಯಾಕ್ ಎರಿಕ್ ಸಿಮ್ಸ್ ಒಬ್ಬರು. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ತಾಗಿಸಿ ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲಿನಲ್ಲಿ ಈ ಮೂಲನಿವಾಸಿ ಆಟಗಾರನಿಗೆ ಸಾಟಿಯೇ ಇರಲಿಲ್ಲ. 1970ರ ಫೈನಲ್‌ನಲ್ಲಿ ಅಂಥವು ನಾಲ್ಕು. ಅವರ ಕಾಟ ತಾಳಲಾರದೆ ಮರುವರ್ಷ ಲೀಗಿನವರು ಆ ಗೋಲಿನ ಬೆಲೆಯನ್ನು 2ರಿಂದ 1 ಅಂಕಕ್ಕೆ ಇಳಿಸಿದರು. ಒಬ್ಬನ ಕಾಲಿಗೆ ಹೆದರಿ ನಿಯಮ ಬದಲಾದದ್ದಕ್ಕಿಂತ ದೊಡ್ಡ ಸನ್ಮಾನ ಯಾವುದಿದೆ!

1971ರ ನಂತರ ಪ್ರಶಸ್ತಿ ನಿಂತುಹೋಯಿತು. ಅದು ಮತ್ತೆ ಬಂದದ್ದು 43 ವರ್ಷದ ಮೇಲೆ. ‘ಈ ಸಲ ಕಪ್ ನಮ್ದೇ’ ಎಂದು ಹದಿನೆಂಟು ಋತು ಕೂಗಿದ ಬೆಂಗಳೂರಿನವರಿಗೆ ಈ ಅಂಕಿಯ ಭಾರ ಬಿಡಿಸಿ ಹೇಳಬೇಕಿಲ್ಲ. ಆದರೆ ನಮ್ಮ ತಂಡ ಒಂದು ವರ್ಷವೂ ಟೂರ್ನಿಯಿಂದ ಹೊರಬಿದ್ದಿರಲಿಲ್ಲ. ಸೌತ್ ಸಿಡ್ನಿಗೆ ಆ ಗತಿಯೂ ಬಂತು.

1990ರ ದಶಕದ ನಡುವಿನಲ್ಲಿ ಟಿವಿ ಹಕ್ಕಿಗಾಗಿ ರೂಪರ್ಟ್ ಮರ್ಡೋಕರ ನ್ಯೂಸ್ ಲಿಮಿಟೆಡ್ ಕಂಪನಿಗೂ ಹಳೆಯ ಲೀಗಿಗೂ ಕಾದಾಟವಾಗಿ, ಎರಡು ಲೀಗ್ ಆಗಿ, ಆಮೇಲೆ ರಾಜಿಯಾಗಿ 1998ರಲ್ಲಿ ಎನ್‌ಆರ್‌ಎಲ್ ಹುಟ್ಟಿತು. ರಾಜಿಯ ಷರತ್ತು: 2000ದ ಹೊತ್ತಿಗೆ ತಂಡಗಳು 14ಕ್ಕೆ ಇಳಿಯಬೇಕು. ಹಲವು ಹಳೆಯ ಕ್ಲಬ್‌ಗಳು ಒಂದಕ್ಕೊಂದು ವಿಲೀನವಾಗಿ ಜೀವ ಉಳಿಸಿಕೊಂಡವು. ಸೌತ್ ಸಿಡ್ನಿ ಯಾರ ಜೊತೆಗೂ ಬೆರೆಯುವುದಿಲ್ಲ ಎಂದು ಪಟ್ಟು ಹಿಡಿಯಿತು. 1999ರ ಅಕ್ಟೋಬರಿನಲ್ಲಿ ಅದನ್ನು ಹೊರಹಾಕಿದರು. 1908ರ ಮೊದಲ ಪಂದ್ಯಾವಳಿಯಿಂದ ಆಡಿದ್ದ, ಅತಿ ಹೆಚ್ಚು ಪ್ರಶಸ್ತಿ ಗೆದ್ದಿದ್ದ ಕ್ಲಬ್, ಬ್ಯಾಲೆನ್ಸ್ ಶೀಟ್ ಸರಿಯಿಲ್ಲವೆಂದು ಬಾಗಿಲ ಹೊರಗೆ.

ಇಲ್ಲಿಂದ ಕಥೆ ಅಭಿಮಾನಿಗಳದು. ಅವರು ಬೀದಿಗಿಳಿದರು. ಅಧ್ಯಕ್ಷ ಜಾರ್ಜ್ ಪಿಗ್ಗಿನ್ಸ್ ಮೊದಲು ಇದೇ ಕ್ಲಬ್ಬಿಗೆ ಆಡಿದ್ದವರು, ನಯನಾಜೂಕು ಅರಿಯದ ಒರಟು ಮನುಷ್ಯ. ಕೋರ್ಟಿನ ದಾರಿ ಹಿಡಿದರು. ಹೊರಹಾಕುವ ಮುಂಚೆ ನಡೆದ ಮೆರವಣಿಗೆಯಲ್ಲಿ ಸುಮಾರು 40,000 ಜನ. 2000ದ ನವೆಂಬರಿನಲ್ಲಿ ಕೋರ್ಟಿನ ಮೊದಲ ತೀರ್ಪು ಕ್ಲಬ್ಬಿನ ವಿರುದ್ಧ ಬಂತು. ಅಷ್ಟಾದ ಮೇಲೆ ಜನ ಸುಮ್ಮನಾಗಬೇಕಿತ್ತು. ನವೆಂಬರ್ 12ರಂದು ಸುಮಾರು 80,000 ಜನ ಸಿಡ್ನಿ ಟೌನ್ ಹಾಲಿನ ಮುಂದೆ ಸೇರಿದರು. ಗಮನಿಸಿ, ಆ ಇಡೀ ವರ್ಷ ಅವರ ತಂಡ ಒಂದೇ ಒಂದು ಲೀಗ್ ಪಂದ್ಯ ಆಡಿರಲಿಲ್ಲ. ಕೊಂಡಾಡಲು ಗೆಲುವಿಲ್ಲ, ಬೈಯಲು ಸೋಲೂ ಇಲ್ಲ, ನೋಡಲು ಆಟಗಾರನೇ ಇಲ್ಲ. ಇದ್ದದ್ದು ಕೆಂಪು–ಹಸಿರು ಬಣ್ಣ, ಹಳೆಯ ಪಂದ್ಯಗಳ ಮಾತು, ಚರ್ಚಿಲ್‌ರಂಥವರ ಹೆಸರು. ನಾನು ತಕರಾರು ಅಂದದ್ದು ಇದನ್ನೇ. ಆಟಗಾರರ ನಿಯತ್ತನ್ನು ಕಾಯಿದೆ ಕಟ್ಟಿತ್ತು, ಸಂಬಳ ಕಟ್ಟಿತ್ತು. ಆ ಜನರನ್ನು ಯಾರು ಕಟ್ಟಿದ್ದರು? ಬೇರೆ ತಂಡ ಹಿಡಿಯಬಹುದಿತ್ತು, ಭಾನುವಾರ ಮಕ್ಕಳನ್ನು ಕಡಲ ದಂಡೆಗೆ ಕರೆದೊಯ್ಯಬಹುದಿತ್ತು. ತಾವು ತೋರಿಸಿದ ನಿಯತ್ತನ್ನು ಅವರು ತಮ್ಮ ಹಳೆಯ ನಾಯಕರ ಹೆಸರಿಗೆ ಬರೆದುಕೊಟ್ಟಿದ್ದಾರೆ, ಅಷ್ಟೇ.

2001ರ ಜುಲೈಯಲ್ಲಿ ಫೆಡರಲ್ ಕೋರ್ಟಿನ ಪೂರ್ಣಪೀಠ, ಎರಡಕ್ಕೆ ಒಂದು ಮತದಿಂದ, ಕ್ಲಬ್ಬಿನ ಪರ ತೀರ್ಪು ಕೊಟ್ಟಿತು. 2002ರಲ್ಲಿ ತಂಡ ಮರಳಿತು. ಮೊದಲ ಪಂದ್ಯವೇ ಪಕ್ಕದ ಬಡಾವಣೆಯ ಬದ್ಧವೈರಿ ರೂಸ್ಟರ್ಸ್ ಎದುರು, ಸೋಲು 40–6. ತಮಾಷೆ ನೋಡಿ, 2003ರಲ್ಲಿ ಹೈಕೋರ್ಟು ಆ ತೀರ್ಪನ್ನೇ ತಳ್ಳಿಹಾಕಿತು. ಕಾನೂನಿನ ಕಣ್ಣಿಗೆ ಕೊನೆಗೆ ಗೆದ್ದದ್ದು ಕಂಪನಿ. ಆದರೆ ಒಳಗೆ ಬಂದು ಕೂತವರನ್ನು ಮತ್ತೆ ಎಬ್ಬಿಸುವ ಧೈರ್ಯ ಯಾರಿಗೂ ಆಗಲಿಲ್ಲ.

ಮರಳಿದ ಮೇಲೆ ಸಿಕ್ಕಿದ್ದು ಸುಖವಲ್ಲ. 2003, 2004, 2006ರಲ್ಲಿ ಕೊನೆಯ ಸ್ಥಾನ. ಈ ನಡುವೆ ಬಂದರು ‘ಗ್ಲಾಡಿಯೇಟರ್’ ಸಿನಿಮಾದ ರಸೆಲ್ ಕ್ರೋ, ಜೊತೆಗೆ ಉದ್ಯಮಿ ಪೀಟರ್ ಹೋಮ್ಸ್ ಅ ಕೋರ್ಟ್. 30 ಲಕ್ಷ ಡಾಲರಿಗೆ ಕ್ಲಬ್ಬಿನ 75 ಪಾಲು ನಮಗೆ ಕೊಡಿ, 25 ಪಾಲು ಸದಸ್ಯರಲ್ಲೇ ಇರಲಿ ಎಂದರು. 2006ರ ಮಾರ್ಚಿನಲ್ಲಿ ಸದಸ್ಯರ ಮತದಾನ. ಮಾರಲು ಶೇ 75ರ ಒಪ್ಪಿಗೆ ಬೇಕಿತ್ತು. ಬಂದದ್ದು ಶೇ 75.8. ಜನರ ಕ್ಲಬ್ ಜನರ ಕೈಯಲ್ಲೇ ಇರಬೇಕು ಎಂದು ವಿರೋಧಿಸಿದವರು ಯಾರು? ಅದೇ ಪಿಗ್ಗಿನ್ಸ್. ಕೋರ್ಟಿನ ಮೆಟ್ಟಿಲು ಹತ್ತಿ ಕ್ಲಬ್ ಉಳಿಸಿದ ಮನುಷ್ಯ, ಮತ ಸೋತ ಮೇಲೆ ವರ್ಷಗಟ್ಟಲೆ ಕ್ಲಬ್ಬಿನ ಪಂದ್ಯಗಳಿಂದಲೇ ದೂರ ಉಳಿದರು. ಅವರದು ಹಟವೋ ನಿಯತ್ತೋ ಎಂದು ಅಭಿಮಾನಿಗಳಲ್ಲೇ ಎರಡು ಗುಂಪಾಯಿತು. ನನ್ನ ಮಟ್ಟಿಗೆ ಅವು ಒಂದೇ ನಾಣ್ಯದ ಎರಡು ಮುಖವಲ್ಲ, ಒಂದೇ ಮುಖ.

ಹೊಸ ದುಡ್ಡು ತಂದುಕೊಟ್ಟ ದೊಡ್ಡ ಆಟಗಾರ ಗ್ರೆಗ್ ಇಂಗ್ಲಿಸ್. ನ್ಯೂ ಸೌತ್ ವೇಲ್ಸ್ ಉತ್ತರ ಕರಾವಳಿಯ ಮೂಲನಿವಾಸಿ ಹುಡುಗ. ಮೆಲ್ಬರ್ನ್ ಸ್ಟಾರ್ಮ್ ಕ್ಲಬ್ಬಿನಲ್ಲಿ ಬೆಳೆದವರು. ಅಲ್ಲಿದ್ದಾಗಲೇ 2007ರ ಫೈನಲ್‌ನಲ್ಲಿ ಶ್ರೇಷ್ಠ ಆಟಗಾರನಿಗೆ ಕೊಡುವ ಪದಕ ಪಡೆದಿದ್ದರು. ಆ ಪದಕದ ಹೆಸರು, 1986ರಿಂದ, ಕ್ಲೈವ್ ಚರ್ಚಿಲ್ ಮೆಡಲ್. ಸಂಬಳದ ಮಿತಿ ಮೀರಿ ಕದ್ದುಮುಚ್ಚಿ ಹಣ ಕೊಟ್ಟದ್ದು ಬಯಲಾಗಿ 2010ರಲ್ಲಿ ಸ್ಟಾರ್ಮ್‌ನ ಎರಡು ಪ್ರಶಸ್ತಿ ಕಿತ್ತುಕೊಂಡರು, ತಂಡ ಚದುರಿತು. ಇಂಗ್ಲಿಸ್ 2011ಕ್ಕೆ ಸೌತ್ ಸಿಡ್ನಿಗೆ ಬಂದರು, ಮರುವರ್ಷ ಫುಲ್‌ಬ್ಯಾಕ್ ಆದರು. ದುಡ್ಡಿಗೆ ಬಂದವರು ಎಂದು ಯಾರೂ ಮೂಗು ಮುರಿಯಲಿಲ್ಲ. ರೆಡ್‌ಫರ್ನ್ ಸಿಡ್ನಿಯ ಮೂಲನಿವಾಸಿಗಳ ಹೃದಯದಂಥ ಜಾಗ. ಅವರ ನೆಲ ಕಿತ್ತುಕೊಂಡವರು ನಾವೇ ಎಂದು ಪ್ರಧಾನಿ ಪಾಲ್ ಕೀಟಿಂಗ್ 1992ರಲ್ಲಿ ಬಾಯಿಬಿಟ್ಟು ಒಪ್ಪಿಕೊಂಡ ಭಾಷಣ ನಡೆದದ್ದು ಅಲ್ಲಿಯ ಪಾರ್ಕಿನಲ್ಲಿ. ಅಲ್ಲಿಯ ಮಕ್ಕಳಿಗೆ ತಮ್ಮಂತೆಯೇ ಕಾಣುವ ದೈತ್ಯನೊಬ್ಬ 1ನೇ ನಂಬರ್ ತೊಟ್ಟು ಓಡುವುದು ಏನಾಗಿ ಕಂಡಿರಬೇಕು!

2014ರ ಅಕ್ಟೋಬರ್ 5. ಕ್ಯಾಂಟರ್ಬರಿ ಎದುರು ಫೈನಲ್, 83,833 ಪ್ರೇಕ್ಷಕರು. ಸೌತ್ ಸಿಡ್ನಿಯ ಸ್ಯಾಮ್ ಬರ್ಗೆಸ್‌ಗೆ ಮೊದಲ ಡಿಕ್ಕಿಯಲ್ಲೇ ಕೆನ್ನೆಮೂಳೆ ಮುರಿಯಿತು, ಅವರೂ ಹೊರಗೆ ಹೋಗಲಿಲ್ಲ, ಚರ್ಚಿಲ್ ಮೆಡಲ್ ಅವರಿಗೇ ಬಂತು. ಇನ್ನೇನು ಪಂದ್ಯ ಮುಗಿಯಿತು ಅನ್ನುವಾಗ ಇಂಗ್ಲಿಸ್ ಕೊನೆಯ ಟ್ರೈ ಹೊಡೆದು, ನೆಲಕ್ಕೆ ಮೈಚಾಚಿ, ಮೊಣಕೈ ಎತ್ತೆತ್ತಿ ಹಾಕುತ್ತಾ ಉಡದ ಹಾಗೆ ತೆವಳಿದರು. ಅದು ಅವರ ಸಂಭ್ರಮದ ರೀತಿ; ಉಡ ಅವರ ಜನರ ಕುಲಚಿಹ್ನೆಗಳಲ್ಲೊಂದು. 30–6. ಮೈದಾನದ ತುಂಬ ಗಂಡಸರು ಮಕ್ಕಳ ಹಾಗೆ ಅಳುತ್ತಿದ್ದರು. ಆ ಪಂದ್ಯ ಮುಗಿಸಿದ ಬರ್ಗೆಸ್ ನೇರ ಇಂಗ್ಲೆಂಡಿಗೆ ಹೋಗಿ ರಗ್ಬಿ ಯೂನಿಯನ್ ಸೇರಿದರು! ಒಂದು ವರ್ಷಕ್ಕೆ ಅಲ್ಲಿ ಸಾಕಾಗಿ ತಿರುಗಿ ಬಂದರು. ಯಾರೂ ಬಾಗಿಲು ಹಾಕಲಿಲ್ಲ. ಇಂಗ್ಲಿಸ್ 2019ರ ಏಪ್ರಿಲಿನಲ್ಲಿ ಋತುವಿನ ನಡುವೆಯೇ ಆಟ ನಿಲ್ಲಿಸಿದರು. ಮನಸ್ಸಿನ ಕಾಯಿಲೆಯ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಿದರು, ಈಗ ಅದೇ ವಿಷಯಕ್ಕೆ ‘ಗೋವಾನಾ ಅಕಾಡೆಮಿ’ ನಡೆಸುತ್ತಿದ್ದಾರೆ. ಅವರು ಹುಟ್ಟಿದ್ದು, ಬೆಳೆದದ್ದು, ಮೊದಲು ಗೆದ್ದದ್ದು ಎಲ್ಲವೂ ಬೇರೆ ಕಡೆ. ಆದರೂ ಅಭಿಮಾನಿಗಳಿಗೆ ಅವರು ‘ನಮ್ಮ ಜಿಐ’. ಇಂಗ್ಲಿಸ್ ಬಿಟ್ಟ 1ನೇ ನಂಬರಿಗೆ 2020ರಲ್ಲಿ ಬಂದ ಲ್ಯಾಟ್ರೆಲ್ ಮಿಚೆಲ್ ಅಂತೂ ರೂಸ್ಟರ್ಸ್‌ನಿಂದಲೇ ಬಂದವರು. ಅದನ್ನೂ ನುಂಗಿಕೊಂಡರು.

ಹಾಗಾದರೆ ಅಭಿಮಾನಿಗಳು ಸಿಟ್ಟಾಗುವುದು ಯಾರ ಮೇಲೆ? ಆ್ಯಡಮ್ ರೆನಾಲ್ಡ್ಸ್ ವಿಷಯದಲ್ಲಿ ಅದು ಗೊತ್ತಾಯಿತು. ರೆಡ್‌ಫರ್ನ್ ಬಡಾವಣೆಯಲ್ಲೇ ಬೆಳೆದು, ಚಿಕ್ಕಂದಿನಿಂದ ಕೆಂಪು–ಹಸಿರು ತೊಟ್ಟು, 2014ರ ಫೈನಲ್ ಗೆದ್ದ ಹಾಫ್‌ಬ್ಯಾಕ್. 2021ರಲ್ಲಿ ಒಪ್ಪಂದ ಮುಗಿಯುವಾಗ ಮೂವತ್ತು ದಾಟಿದವರಿಗೆ ಒಂದೇ ವರ್ಷ ಕೊಡುತ್ತೇವೆ ಎಂದಿತು ಕ್ಲಬ್. ಬ್ರಿಸ್ಬೇನ್ ಬ್ರಾಂಕೋಸ್ ಮೂರು ವರ್ಷ ಕೊಟ್ಟಿತು. ಹೆಂಡತಿ ಮಕ್ಕಳಿರುವ ಮನುಷ್ಯ ಯಾವುದಕ್ಕೆ ಸಹಿ ಹಾಕುತ್ತಾನೆ? ಆ ವರ್ಷದ ಫೈನಲ್ ಸೌತ್ ಸಿಡ್ನಿ ಪರ ಅವರ ಕೊನೆಯ ಪಂದ್ಯವಾಯಿತು. ಪೆನ್ರಿತ್ 14–8ರಿಂದ ಮುಂದಿರುವಾಗ ಸೌತ್ ಸಿಡ್ನಿ ಮೂಲೆಯಲ್ಲಿ ಟ್ರೈ ಹೊಡೆದು 14–12ಕ್ಕೆ ಬಂತು. ಪಕ್ಕದ ಗೆರೆಯಿಂದ ರೆನಾಲ್ಡ್ಸ್ ಒದ್ದ ಚೆಂಡು ಕಂಬದ ಹೊರಗೆ ಹೋಯಿತು. ಸೋಲು ಎರಡು ಅಂಕದಿಂದ. ಆ ಒದೆತಕ್ಕಾಗಿ ಅವರನ್ನು ಬೈದವರು ಕಡಿಮೆ. ಅವರನ್ನು ಬಿಟ್ಟುಕೊಟ್ಟ ಆಡಳಿತವನ್ನು ಬೈದವರೇ ಹೆಚ್ಚು. ನಮ್ಮಲ್ಲೂ 2025ರ ಏಪ್ರಿಲಿನಲ್ಲಿ ರಾಹುಲ್ ಡೆಲ್ಲಿ ಪರ 93 ಹೊಡೆದು, ಚಿನ್ನಸ್ವಾಮಿಯಲ್ಲಿ ಬ್ಯಾಟಿನಿಂದ ಸುತ್ತು ಗೀರಿ ‘ಇದು ನನ್ನ ಜಾಗ’ ಎಂದು ಕುಟ್ಟಿ ತೋರಿಸಿದಾಗ, ಆರ್‌ಸಿಬಿ ಜರ್ಸಿ ತೊಟ್ಟ ಎಷ್ಟೋ ಜನ ಒಳಗೊಳಗೇ ಹೌದು ಅಂದುಕೊಂಡರು.

ಕ್ಲಬ್ಬಿನ ಲೆಕ್ಕ ತಪ್ಪಾಗಿತ್ತು ಎಂದು ಹೇಳುವುದೂ ಸುಲಭವಲ್ಲ. ರೆನಾಲ್ಡ್ಸ್ ಇಲ್ಲದ 2022ರಲ್ಲಿ ಸೌತ್ ಸಿಡ್ನಿ ಫೈನಲ್‌ಗೆ ಒಂದೇ ಮೆಟ್ಟಿಲು ಬಾಕಿ ಇರುವವರೆಗೂ ಬಂತು. ಆಮೇಲೆ ಇಳಿಯಿತು, 2024ರಲ್ಲಿ ತಳಕ್ಕೆ ಹತ್ತಿರ ಹೋಗಿ ಋತುವಿನ ನಡುವೆ ತರಬೇತುದಾರರನ್ನು ಕಳಿಸಿತು. ಮನೆಯಂಗಳದ ಪಂದ್ಯಗಳು ಈಗ ರೆಡ್‌ಫರ್ನ್ ಓವಲ್‌ನಲ್ಲಿ ನಡೆಯುವುದೂ ಇಲ್ಲ. ಜನ ರೈಲು ಹಿಡಿದು ದೂರದ ಹೋಮ್‌ಬುಷ್‌ನ ದೊಡ್ಡ ಸ್ಟೇಡಿಯಮ್ಮಿಗೆ ಹೋಗುತ್ತಾರೆ, ಸೋತ ದಿನ ದಾರಿಯುದ್ದಕ್ಕೂ ಆಡಳಿತಕ್ಕೆ ಶಾಪ ಹಾಕುತ್ತಾ ವಾಪಸಾಗುತ್ತಾರೆ, ಮುಂದಿನ ವರ್ಷದ ಸದಸ್ಯತ್ವಕ್ಕೆ ಮತ್ತೆ ದುಡ್ಡು ಕಟ್ಟುತ್ತಾರೆ.